ಪದ ಪರಿಚಯ: ನಿಯತ್ತು

ನಿಯತ್ತು

‘ನಾಯಿಗಿರೋ ನಿಯತ್ತು ಮನುಷ್ಯನಿಗಿಲ್ಲ’ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಪದದ ಮೂಲ ಅರಬ್ಬಿಯ ‘ನಿಯ್ಯತ್’. ಅರ್ಥ ಸಂಕಲ್ಪ, ಉದ್ದೇಶ. ನಮಾಜು, ರೋಜಾಗಳಿಗೆ ಮುನ್ನ ಮಾಡುವ ಸಂಕಲ್ಪಕ್ಕೆ ಇಂದಿಗೂ ಇದೇ ಹೆಸರು. ಹಿಂದಿ, ಉರ್ದುಗಳ ‘ನೀಯತ್’ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಕನ್ನಡದಲ್ಲಾದರೋ ನಿಯತ್ತು ಎಂದರೆ ಒಳ್ಳೆಯದೇ: ಪ್ರಾಮಾಣಿಕತೆ, ನಂಬಿಕೆಗೆ ತಪ್ಪದ ನಡತೆ. ‘ನಿಯತಕಾಲಿಕೆ’ಯ ‘ನಿಯತ’ ಸಂಸ್ಕೃತದ್ದು, ಅದು ಬೇರೆ.

ಈಚೆಗೆ ಒಡೆಯನಿಗೆ ತಲೆಬಾಗುವುದೇ ನಿಯತ್ತು ಎಂಬಂತಾಗಿದೆ. ಅದು ತಪ್ಪು. ಯಾರೂ ನೋಡದಿದ್ದರೂ ತಕ್ಕಡಿ ಸರಿಯಾಗಿ ಹಿಡಿಯುವ ಅಂಗಡಿಯವನದು ನಿಯತ್ತು. ಯಜಮಾನನ ಸುಳ್ಳು ಲೆಕ್ಕಕ್ಕೆ ‘ಬರೆಯೋಲ್ಲ’ ಎನ್ನುವ ಗುಮಾಸ್ತನದೂ ನಿಯತ್ತು. ನಿಯತ್ತಾಗಿ ದುಡಿದವನಿಗೆ ಯಾರ ಹೆದರಿಕೆಯೂ ಇಲ್ಲ. ನಿಜವಾದ ಬಲ ಅದೇ. ಪದವನ್ನು ಈ ತುಂಬು ಅರ್ಥದಲ್ಲೇ ಬಳಸೋಣ.