ಡಂಗುರದಿಂದ ಫೀಡ್‌ವರೆಗೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದ ಎಲ್ಲಿತ್ತೋ ಅಲ್ಲೇ ಇದೆ. ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯವೂ ಅಲ್ಲೇ ನಿಂತಿದೆ. ಆದರೆ ಊರಿನ ವಿಳಾಸ ಮತ್ತೆ ಮತ್ತೆ ಬದಲಾಗಿದೆ. 1953ರವರೆಗೆ ಅದು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ವರ್ಷ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಹರಪನಹಳ್ಳಿ ತಾಲ್ಲೂಕು ಅತ್ತ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ಆ ಜಿಲ್ಲೆಯ ಪಾಲಾಯಿತು.

ವಿದ್ಯಾರ್ಥಿ ಮಿತ್ರರೇ, ಇಲ್ಲೊಂದು ಪ್ರಶ್ನೆಯಿದೆ. ಒಂದು ವಿಷಯವನ್ನು ನಾವು ಒಮ್ಮೆ ಓದಿಕೊಂಡೆವು. ಆಮೇಲೆ ಅದು ಬದಲಾಯಿತು. ಬದಲಾದ ಸಂಗತಿ ನಮಗೆ ತಲುಪುವುದು ಹೇಗೆ? ಪ್ರತಿ ಕಾಲವೂ ಈ ಪ್ರಶ್ನೆಗೆ ತನ್ನದೇ ಉತ್ತರ ಕಂಡುಕೊಂಡಿದೆ.

ಶಾಸನ, ಡಂಗುರ, ತಂತಿ

ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ ತಾಮ್ರಶಾಸನಗಳು ನೀಲಗುಂದದ ಹೆಸರಿನಿಂದಲೇ ಇತಿಹಾಸಕಾರರಿಗೆ ಪರಿಚಿತ. ಶಾಸನ ನೂರಾರು ವರ್ಷ ಬಾಳುತ್ತದೆ. ಆದರೆ ಅದನ್ನು ಓದಬೇಕಾದವರು ಅದಿರುವಲ್ಲಿಗೇ ಹೋಗಬೇಕು. ಡಂಗುರ ಇದಕ್ಕೆ ವಿರುದ್ಧ. ಅದು ಮನೆ ಬಾಗಿಲಿಗೆ ಬರುತ್ತದೆ, ಆದರೆ ಆ ಹೊತ್ತಿಗೆ ಹೊಲಕ್ಕೆ ಹೋದವರಿಗೆ ಕೇಳುವುದಿಲ್ಲ. ಬಾನುಲಿ ಮತ್ತು ದೂರದರ್ಶನಗಳು ಬಹುಕಾಲ ಈ ಡಂಗುರದ ದಾರಿಯಲ್ಲೇ ನಡೆದವು. ಪ್ರಸಾರದ ವೇಳೆಗೆ ಪೆಟ್ಟಿಗೆಯ ಮುಂದೆ ಇದ್ದವರಿಗಷ್ಟೇ ಕಾರ್ಯಕ್ರಮ ಸಿಗುತ್ತಿತ್ತು.

ಮೂರನೆಯ ದಾರಿ ಸುದ್ದಿಸಂಸ್ಥೆಗಳದು. ನಮ್ಮ ದೇಶದ ಪಿಟಿಐ 1949ರಲ್ಲಿ ಕೆಲಸ ಆರಂಭಿಸಿತು. ಒಂದೇ ಸುದ್ದಿಯನ್ನು ಒಂದೇ ಬಗೆಯಲ್ಲಿ ಬರೆದು ಟೆಲಿಪ್ರಿಂಟರ್ ಮೂಲಕ ಅನೇಕ ಪತ್ರಿಕೆಗಳಿಗೆ ಕಳುಹಿಸುವುದು ಇದರ ಕ್ರಮ. ಚಂದಾದಾರ ಪತ್ರಿಕೆಯ ಸಂಪಾದಕ ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತಿದ್ದ. ಈ ಅನುಕೂಲ ಪತ್ರಿಕಾ ಕಚೇರಿಗಳಿಗಿತ್ತು, ಸಾಮಾನ್ಯ ಓದುಗನಿಗಿರಲಿಲ್ಲ. ಅವನಿಗೂ ಇದನ್ನು ದೊರಕಿಸಿಕೊಟ್ಟದ್ದೇ ಜಾಲತಾಣಗಳ ‘ಫೀಡ್’.

ಫೀಡ್ ಹುಟ್ಟಿದ ಬಗೆ

1990ರ ದಶಕದ ಕೊನೆಗೆ ಜಾಲತಾಣಗಳ ಸಂಖ್ಯೆ ಬೆಳೆದಿತ್ತು. ಹೊಸದೇನಾದರೂ ಬಂದಿದೆಯೇ ಎಂದು ತಿಳಿಯಲು ಪ್ರತಿಯೊಂದಕ್ಕೂ ಹೋಗಿ ನೋಡಬೇಕಾಗುತ್ತಿತ್ತು. ಅಮೆರಿಕದ ಡೇವ್ ವೈನರ್ 1997ರಲ್ಲಿ ತಮ್ಮ ಬರಹಗಳ ಪಟ್ಟಿಯನ್ನು ಯಂತ್ರಗಳು ಓದಬಲ್ಲ ರೂಪದಲ್ಲಿಯೂ ಪ್ರಕಟಿಸತೊಡಗಿದರು. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಸಂಸ್ಥೆ ‘ಆರ್‌ಎಸ್‌ಎಸ್’ ಎಂಬ ಮಾದರಿಯನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಡ್ಯಾನ್ ಲಿಬಿ ಒಬ್ಬರು. ಮದ್ರಾಸಿನ ಐಐಟಿಯಲ್ಲಿ ಓದಿದ ಆರ್. ವಿ. ಗುಹಾ ಇನ್ನೊಬ್ಬರು. 2002ರಲ್ಲಿ ಇದರ 2.0 ಆವೃತ್ತಿ ಬಂತು. 2005ರಲ್ಲಿ ‘ಆಟಮ್’ ಎಂಬ ಇನ್ನೊಂದು ಮಾದರಿ ಅಂತರರಾಷ್ಟ್ರೀಯ ಮಾನಕವಾಯಿತು.

ಒಳಗಿನ ಕೆಲಸ

ಫೀಡ್ ಎಂದರೆ ಒಂದು ಸಾದಾ ಕಡತ. ಜಾಲತಾಣದಲ್ಲಿ ಇತ್ತೀಚೆಗೆ ಬಂದ ಬರಹಗಳ ಪಟ್ಟಿ ಅದರಲ್ಲಿರುತ್ತದೆ. ಸಾಮಾನ್ಯವಾಗಿ ಪ್ರತಿ ಬರಹಕ್ಕೂ ಐದು ವಿವರಗಳಿರುತ್ತವೆ: ಶೀರ್ಷಿಕೆ, ಪೂರ್ಣ ಬರಹಕ್ಕೆ ಕೊಂಡಿ, ಸಾರಾಂಶ, ದಿನಾಂಕ ಮತ್ತು ಬದಲಾಗದ ಒಂದು ಗುರುತು. ಈ ಕೊನೆಯ ಅಂಶ ಬಹು ಮುಖ್ಯ. ನೀಲಗುಂದದ ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಊರು ಅದೇ ಅಲ್ಲವೇ? ಹಾಗೆಯೇ ಬರಹದ ಶೀರ್ಷಿಕೆಯನ್ನು ತಿದ್ದಿದರೂ ಗುರುತು ಅದೇ ಇದ್ದರೆ, ಇದು ಹೊಸದಲ್ಲ, ಹಳೆಯದರ ತಿದ್ದುಪಡಿ ಎಂದು ಯಂತ್ರ ಅರಿಯುತ್ತದೆ.

ಓದುಗನ ಬಳಿ ‘ಫೀಡ್ ರೀಡರ್’ ಎಂಬ ತಂತ್ರಾಂಶವಿರುತ್ತದೆ. ತನಗೆ ಬೇಕಾದ ತಾಣಗಳ ಫೀಡ್ ವಿಳಾಸಗಳನ್ನು ಅವನು ಅದರಲ್ಲಿ ಸೇರಿಸುತ್ತಾನೆ. ಆ ತಂತ್ರಾಂಶ ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಪ್ರತಿ ತಾಣವನ್ನೂ ವಿಚಾರಿಸುತ್ತದೆ: ‘ನಾನು ಕಳೆದ ಸಲ ಬಂದ ಮೇಲೆ ಏನಾದರೂ ಬದಲಾಗಿದೆಯೇ?’ ಬದಲಾಗದಿದ್ದರೆ ತಾಣ 304 ಎಂಬ ಸಂಖ್ಯೆಯನ್ನಷ್ಟೇ ಉತ್ತರವಾಗಿ ಕೊಡಬಹುದು. ‘ಹೊಸದೇನೂ ಇಲ್ಲ’ ಎಂದು ಅದರ ಅರ್ಥ. ಆಗ ಇಡೀ ಕಡತವನ್ನು ಮತ್ತೆ ತರುವ ಕೆಲಸ ಉಳಿಯುತ್ತದೆ. ಬದಲಾಗಿದ್ದರೆ ಮಾತ್ರ ಹೊಸ ಪಟ್ಟಿ ಬರುತ್ತದೆ. ಹೀಗೆ ಹತ್ತಾರು ತಾಣಗಳ ಸುದ್ದಿ ಒಂದೇ ಕಡೆ, ದಿನಾಂಕದ ಕ್ರಮದಲ್ಲಿ ಕೂಡುತ್ತದೆ. ಹೆಸರು, ದೂರವಾಣಿ ಸಂಖ್ಯೆ ಯಾವುದನ್ನೂ ತಾಣಕ್ಕೆ ಕೊಡಬೇಕಾಗಿಲ್ಲ.

ಕನ್ನಡಕ್ಕೆ ಬಂದದ್ದು

ಕನ್ನಡಕ್ಕೆ ಇಲ್ಲೊಂದು ತೊಡಕಿತ್ತು. ಆರಂಭದ ಕನ್ನಡ ತಾಣಗಳಲ್ಲಿ ಬೇರೆ ಬೇರೆ ಫಾಂಟ್‌ಗಳು ಬಳಕೆಯಲ್ಲಿದ್ದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತಿತ್ತು. ಫೀಡ್ ಎಂದರೆ ಬರಹ ತನ್ನ ಮನೆ ಬಿಟ್ಟು ಬೇರೆಡೆ ಹೋಗುವುದು. ಫಾಂಟ್ ಅದರ ಹಿಂದೆ ಹೋಗುತ್ತಿರಲಿಲ್ಲ.

ಪರಿಹಾರ ದೊರೆತದ್ದು ಯೂನಿಕೋಡ್‌ನಿಂದ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಸೇರಿದ ಮೇಲೆ ಸಾಮಾನ್ಯ ಬಳಕೆದಾರರಿಗೂ ಅದು ಎಟುಕಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅದರ ಪ್ರತಿ ಪುಟದ ಇತಿಹಾಸಕ್ಕೂ ಫೀಡ್ ಉಂಟು. ನಿಮ್ಮ ಊರಿನ ಪುಟ ಅಲ್ಲಿದ್ದರೆ ಅದಕ್ಕೆ ಚಂದಾದಾರರಾಗಿ ನೋಡಿ: ಜಿಲ್ಲೆಯ ಹೆಸರನ್ನು ಯಾರು, ಯಾವಾಗ, ಹೇಗೆ ತಿದ್ದಿದರು ಎಂಬುದು ನಿಮ್ಮ ಮುಂದೆ ಬಂದು ನಿಲ್ಲುತ್ತದೆ. ತಪ್ಪು ಕಂಡರೆ ನೀವೇ ಸರಿಪಡಿಸಬಹುದು.

ಒಂದು ಅಂಗಡಿ ಮುಚ್ಚಿದಾಗ

2005ರಲ್ಲಿ ಬಂದ ಗೂಗಲ್ ರೀಡರ್ ಬಹು ಜನಪ್ರಿಯವಾಯಿತು. 2013ರ ಜುಲೈ 1ರಂದು ಅದನ್ನು ಮುಚ್ಚಲಾಯಿತು. ಫೀಡ್‌ಗಳ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ಓದುಗರಿಗೆ ತಮ್ಮ ತಾಣಗಳ ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡು ಬೇರೆ ರೀಡರ್‌ಗೆ ಒಯ್ಯಲು ಸಾಧ್ಯವಿತ್ತು. ಪಟ್ಟಿ ಅವರದೇ ಆಗಿತ್ತು. ಮಾದರಿ ಎಲ್ಲರಿಗೂ ತೆರೆದಿದ್ದರೆ ಆಗುವ ಲಾಭ ಇದು. ನೀವು ಕೇಳುವ ಪಾಡ್‌ಕಾಸ್ಟ್‌ಗಳಲ್ಲಿ ಬಹುಪಾಲು ಇಂದಿಗೂ ಆರ್‌ಎಸ್‌ಎಸ್ ಮೂಲಕವೇ ನಿಮ್ಮನ್ನು ತಲುಪುತ್ತವೆ.

ಸಾಮಾಜಿಕ ಜಾಲತಾಣಗಳೂ ಸುದ್ದಿ ತಂದು ಕೊಡುತ್ತವೆ ನಿಜ. ಆದರೆ ಅಲ್ಲಿ ಯಾವುದು ಮೊದಲು ಕಾಣಬೇಕು, ಯಾವುದು ಕಾಣಲೇಬಾರದು ಎಂಬುದನ್ನು ಬಹುತೇಕ ಆ ಕಂಪನಿಯ ಲೆಕ್ಕಾಚಾರ ನಿರ್ಧರಿಸುತ್ತದೆ. ಫೀಡ್‌ನಲ್ಲಿ ಆಯ್ಕೆ ಓದುಗನದು. ಇದಕ್ಕೆ ಮಿತಿಯೂ ಇದೆ: ಫೀಡ್ ಸುದ್ದಿಯನ್ನು ತರುತ್ತದೆ, ಅದರ ಸತ್ಯಾಸತ್ಯತೆಯನ್ನು ಪರೀಕ್ಷಿಸುವುದಿಲ್ಲ. ಆ ಹೊಣೆ ನಮ್ಮದೇ.

ಪಟ್ಟಣದ ಗ್ರಂಥಾಲಯದಿಂದ ದೂರವಿರುವ ಹಳ್ಳಿಯ ವಿದ್ಯಾರ್ಥಿಗೆ ಇದರ ಉಪಯೋಗ ಇನ್ನೂ ಹೆಚ್ಚು. ವಿಜ್ಞಾನ ಪತ್ರಿಕೆ, ವಿಶ್ವಕೋಶ, ವಿಶ್ವವಿದ್ಯಾಲಯ ಯಾವುದೇ ಇರಲಿ, ಫೀಡ್ ಕೊಡುವ ನಾಲ್ಕೈದು ತಾಣಗಳನ್ನು ಆರಿಸಿ, ಒಂದು ಉಚಿತ ರೀಡರ್‌ನಲ್ಲಿ ಸೇರಿಸಿ, ಒಂದು ತಿಂಗಳು ದಿನವೂ ಹದಿನೈದು ನಿಮಿಷ ಓದಿ ನೋಡಿ. ನೋಡಲೇಬೇಕಾದ ತಾಣವೊಂದರಲ್ಲಿ ಫೀಡ್ ಇಲ್ಲದಿದ್ದರೆ ಅದನ್ನು ಒದಗಿಸುವಂತೆ ಅವರಿಗೆ ಪತ್ರ ಬರೆಯಿರಿ.