ತಂತಿಗೆ ಪೋಣಿಸಿದ ಚರಿತ್ರೆ

ಕಂಪ್ಲಿ ಸೀಮೆಗೆ ರೈತಸಂಘ ಯಾವ ದಾರಿಯಿಂದ ಬಂತು? ಇದನ್ನು ಹುಡುಕಹೊರಟರೆ ಮೊದಲು ಎದುರಾಗುವುದು ಗಡಿಗಳ ಗೋಜಲು. 1953ರ ಅಕ್ಟೋಬರ್ 1ರವರೆಗೆ ಊರು ಮದ್ರಾಸ್ ಆಡಳಿತದಲ್ಲಿತ್ತು, ಆಮೇಲೆ ಮೈಸೂರಿಗೆ ಸೇರಿತು. ಹಳೆಯ ತಾಲ್ಲೂಕು ಕೇಂದ್ರ ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾದರೆ ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಒಂದೇ ಕಾಲುವೆಯ ಕಾಗದಕ್ಕೆ ಚೆನ್ನೈ, ಬೆಂಗಳೂರು, ಬಳ್ಳಾರಿ, ಹೊಸಪೇಟೆ ಸುತ್ತಬೇಕು.

ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು 1980ರಲ್ಲಿ, ನರಗುಂದ–ನವಲಗುಂದ ಬಂಡಾಯದ ಬೆನ್ನಿಗೆ. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಅದನ್ನು ಕಟ್ಟಿದರು. ನರಗುಂದದ ಕಡೆ ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ದರು. ಅದನ್ನು ವಿರೋಧಿಸಿದ ರೈತರ ಮೇಲೆ ಜುಲೈ 21ರಂದು ಗೋಲಿಬಾರ್ ಆಯಿತು. ಕಂಪ್ಲಿಯ ಕಥೆ ಹಾಗಲ್ಲ. ಫ್ರಾನ್ಸಿಸ್ 1904ರಲ್ಲಿ ಹೊರತಂದ ಬಳ್ಳಾರಿ ಗೆಜೆಟಿಯರ್ ತೆರೆದರೆ ತುಂಗಭದ್ರೆಯ ಹಳೆಯ ಕಾಲುವೆಗಳ ನಡುವೆ ಕಂಪ್ಲಿ ಕಾಲುವೆಯೂ ಸಿಗುತ್ತದೆ. ಅಣೆಕಟ್ಟು ಬರುವ ಮೊದಲೇ ನೀರುಂಡ ನೆಲ ಇದು. ಇಲ್ಲಿಯ ರೈತರು ಸಂಘಕ್ಕೆ ಬಂದದ್ದು ಇದ್ದ ನೀರಿನ ಹಕ್ಕು ಕಾಯಲು, ಭತ್ತ–ಕಬ್ಬಿಗೆ ತಕ್ಕ ದರ ಕೇಳಲು ಎಂಬುದು ನನ್ನ ತೀರ್ಮಾನ.

ಪತ್ರಿಕೆಗಳಲ್ಲಿ ಇದಕ್ಕೆ ಆಧಾರ ಕಡಿಮೆ. 1993ರ ಜುಲೈನಲ್ಲಿ ಸಂಘದವರು ಬಳ್ಳಾರಿಯಲ್ಲಿ ಕಾರ್ಗಿಲ್ ಕಂಪನಿಯ ಬೀಜ ಘಟಕ ಕೆಡವಿದ ಸುದ್ದಿ ಜಗತ್ತಿಗೇ ಮುಟ್ಟಿತು. ನಾನು ಓದಿದ ವರದಿಗಳಲ್ಲಿ ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವವಿದೆ, ಕಂಪನಿಯಿದೆ, ನಂಜುಂಡಸ್ವಾಮಿ ಇದ್ದಾರೆ. ಸುತ್ತಲ ಹಳ್ಳಿಯವರು ಬೀಜದ ಬಗ್ಗೆ ಏನೆಂದರು ಎಂಬುದಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಉತ್ತರದ ಚೂರು ಸಿಕ್ಕಿದ್ದು ರೈತರೊಬ್ಬರ ಮನೆಯ ಗೋಡೆಯಲ್ಲಿ. ಕೊಕ್ಕೆಯಾಗಿ ಬಗ್ಗಿಸಿದ ಕಬ್ಬಿಣದ ತಂತಿಗೆ ನೀರು ಕರದ ರಸೀದಿ, ಸೊಸೈಟಿ ಸಾಲದ ಚೀಟಿ, ಕಬ್ಬಿನ ತೂಕದ ಚೀಟಿ, ನಡುವೆ ಮಾಸಿದ ಸಂಘದ ಚಂದಾ ರಸೀದಿ, ಎಲ್ಲವನ್ನೂ ಚುಚ್ಚಿಟ್ಟಿದ್ದರು. ಕೆಳಗಿನ ಕಾಗದಗಳನ್ನು ತುಕ್ಕು ತಿಂದಿತ್ತು. ಒಬ್ಬ ರೈತ ಸಂಘಕ್ಕೆ ಯಾಕೆ ದುಡ್ಡು ಕೊಟ್ಟನೆಂದು ಆ ಚಂದಾ ರಸೀದಿಯ ಮೇಲೆ ಕೆಳಗಿನ ಚೀಟಿಗಳೇ ಹೇಳುತ್ತವೆ. ಯಾವ ಕಚೇರಿಯ ಕಡತದಲ್ಲೂ ಇವು ಹೀಗೆ ಒಟ್ಟಿಗೆ ಸಿಗವು.

ಮುಂದಿನವರಿಗೆ ಇಷ್ಟೂ ಸಿಗಲಿಕ್ಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ರೈತರ ಆತಂಕವೆಲ್ಲ ಹರಿದಾಡಿದ್ದು ವಾಟ್ಸಾಪಿನಲ್ಲಿ. ಫೋನು ಕೆಟ್ಟರೆ ಅದೂ ಹೋಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಅಲ್ಲಿಯ ವಿದ್ಯಾರ್ಥಿಗಳು ಇಂಥ ತಂತಿಗಳನ್ನು ಬಿಚ್ಚಿಸಿ, ಒಂದೊಂದು ಚೀಟಿಯ ಚಿತ್ರ ತೆಗೆದು, ಪೋಣಿಸಿದ ಕ್ರಮ ಕೆಡದಂತೆ ವಾಪಸು ಕೊಡಬೇಕು. ಈ ಬೇಸಿಗೆಯಲ್ಲೇ ಶುರುಮಾಡಲಿ.