ತೋಟಾದ ಹಿಂದಿನ ತೆರಪು

ವಾಚಕರೆ, ಕೊಡಗು ಮಲೆನಾಡುಗಳ ಕಡೆ ‘ತೋಟಾಕೋವಿ’ ಎಂಬ ಮಾತನ್ನು ನೀವು ಕೇಳಿರಬಹುದು. ಮದ್ದು, ಗುಂಡು, ಕೇಪು ಮೂರನ್ನೂ ಒಡಲಲ್ಲಿ ಇರಿಸಿಕೊಂಡ ಪುಟ್ಟ ಕರಡಿಗೆಯೇ ತೋಟಾ. ಅದು ಕೋವಿಯೊಳಗೆ ಎಷ್ಟು ಬಿಗಿಯಾಗಿ ಕುಳಿತಿರಬೇಕು? ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಕೋವಿಯನ್ನು ಕೆನ್ನೆಗೊತ್ತಿ ಹಿಡಿದವನ ಕಣ್ಣಿನ ಕ್ಷೇಮ ಇದನ್ನೇ ಅವಲಂಬಿಸಿದೆ.

1857ರ ಎನ್‌ಫೀಲ್ಡ್ ಕೋವಿಯ ತೋಟಾ ಕಾಗದದ್ದು. ಸಿಪಾಯಿ ಅದನ್ನು ಹರಿದು ಮದ್ದನ್ನು ನಳಿಗೆಯ ಬಾಯಿಂದ ಸುರಿಯುತ್ತಿದ್ದನಾದ್ದರಿಂದ ಅಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. 1866ರಲ್ಲಿ ಇಂಗ್ಲೆಂಡಿನ ಸೇನೆ ಹಿಂದಿನಿಂದ ತುಂಬುವ ಸ್ನೈಡರ್ ಕೋವಿಯನ್ನು ಅಂಗೀಕರಿಸಿತು. ಬಾಕ್ಸರ್ ಎಂಬ ಸೇನಾಧಿಕಾರಿ ಅದಕ್ಕೆ ಹಿತ್ತಾಳೆ ತಗಡಿನ ತೋಟಾ ರಚಿಸಿದನು. ಉರಿಗಾಳಿ ಹಿಂದಕ್ಕೆ ನುಗ್ಗದಂತೆ ತಡೆಯುವ ಹೊಣೆ ಅಂದಿನಿಂದ ತೋಟಾದ ಮೇಲೆ ಬಿತ್ತು.

ಮದ್ದು ಸಿಡಿದೊಡನೆ ಹಿತ್ತಾಳೆ ಉಬ್ಬಿ ಸುತ್ತಲಿನ ಉಕ್ಕಿಗೆ ಅಂಟುತ್ತದೆ. ಬುಡ ಮಾತ್ರ ಹಿಂದೆ ಸರಿದು ಬೋಲ್ಟಿನ ಮುಖಕ್ಕೆ ಒರಗುತ್ತದೆ. ತೆರಪು ಹೆಚ್ಚಿದ್ದರೆ ತೋಟಾ ಬುಡದ ಬಳಿ ಹಿಗ್ಗಿ ಹರಿಯುತ್ತದೆ. ತೋಟಾವನ್ನು ತಡೆದು ನಿಲ್ಲಿಸುವ ಸ್ಥಾನಕ್ಕೂ ಬೋಲ್ಟಿನ ಮುಖಕ್ಕೂ ನಡುವಣ ಅಳತೆಗೆ ‘ಹೆಡ್‌ಸ್ಪೇಸ್’ ಎಂದು ಹೆಸರು.

1888ರಲ್ಲಿ ಎರಡು ದೇಶಗಳು ಎರಡು ದಾರಿ ಹಿಡಿದವು. ಇಂಗ್ಲೆಂಡಿನ .303 ತೋಟಾಕ್ಕೆ ಬುಡದಲ್ಲಿ ಅಂಚಿತ್ತು. ಆ ಅಂಚೇ ಅದನ್ನು ತಡೆಯುತ್ತಿತ್ತು. ಜರ್ಮನಿಯ ತೋಟಾಕ್ಕೆ ಅಂಥ ಹೊರಚಾಚಿದ ಅಂಚಿಲ್ಲ. ಕೊರಳಿನ ಕೆಳಗಿನ ಹೆಗಲೇ ಅದಕ್ಕೆ ತಡೆ. ಹೆಗಲಿನ ಅಳತೆ ತಪ್ಪಿದರೆ ಎಲ್ಲವೂ ತಪ್ಪಿತು.

ಎರಡನೆಯ ಮಹಾಯುದ್ಧದ 4ನೆಯ ನಂಬರಿನ ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಬೋಲ್ಟಿನ ತಲೆಗಳನ್ನು 0ಯಿಂದ 3ರವರೆಗೆ ನಾಲ್ಕು ಅಳತೆಗಳಲ್ಲಿ ಮಾಡಿದ್ದರು. 0.064 ಅಂಗುಲದ ಮಾಪಕದ ಮೇಲೆ ಬೋಲ್ಟು ಮುಚ್ಚಬೇಕು, 0.074ರ ಮೇಲೆ ಮುಚ್ಚಕೂಡದು. ಇವೆರಡರ ಅಂತರ ಎರಡು ಮೂರು ಕಾಗದದ ಹಾಳೆಗಳ ದಪ್ಪವಷ್ಟೆ! ಸವೆದ ಕೋವಿಗೆ ಇನ್ನಷ್ಟು ಉದ್ದದ ತಲೆಯನ್ನು ತಿರುಪಿ ಕೂಡಿಸಿ ಅಳತೆಯನ್ನು ಸರಿಪಡಿಸುತ್ತಿದ್ದರು.

ಹಾರಿಸಿದ ತೋಟಾವನ್ನು ಮತ್ತೆ ತುಂಬುವವರಿಗೂ ಇಲ್ಲೊಂದು ಪಾಠವಿದೆ. .303ರ ಗೂಡು ಹೆಗಲಿನ ಕಡೆ ಸಡಿಲ. ಮೊದಲ ಬಾರಿ ಹಾರಿಸಿದಾಗಲೇ ಹಿತ್ತಾಳೆಯ ಹೆಗಲು ಮುಂದೆ ಸರಿದು ಆ ಗೂಡಿನ ಆಕಾರ ತಾಳುತ್ತದೆ. ಅದನ್ನು ಪ್ರತಿಸಲವೂ ಪೂರ್ತಿ ಹಿಂದೊತ್ತಿದರೆ ಲೋಹ ಮತ್ತೆ ಮತ್ತೆ ಹಿಗ್ಗಿ, ಒಳಗೊಳಗೇ ತೆಳುವಾಗಿ, ಒಂದು ದಿನ ಬುಡವೇ ಕಳಚುತ್ತದೆ. ಆದುದರಿಂದ ಬಲ್ಲವರು ಅದೇ ಕೋವಿಗೆ ತುಂಬುವಾಗ ಕೊರಳನ್ನಷ್ಟೆ ಬಿಗಿಮಾಡಿ, ಹೆಗಲನ್ನು ಇದ್ದಂತೆಯೇ ಬಿಡುತ್ತಾರೆ.

ಹೊರಗೆ ಹೊಳೆಯುವ ಹಿತ್ತಾಳೆ ಒಳಗಿನ ಸವೆತವನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲದ್ದು ಅಳತೆಯೊಂದೇ.